ಗೋಲ್ ಕಂಬದ ಹಿಂದೆ ಕೂತು ನೋಡಿದ ಕಾಂಗರೂ ಪ್ರವಾಸ

2025ರ ಅಕ್ಟೋಬರ್ ಕೊನೆಗೆ ಆಸ್ಟ್ರೇಲಿಯಾದ ರಗ್ಬಿ ಲೀಗ್ ತಂಡ ಇಂಗ್ಲೆಂಡಿಗೆ ಬಂತು. ಮೂರು ಶನಿವಾರ, ಮೂರು ಟೆಸ್ಟ್. ಮೊದಲು ಲಂಡನ್‌ನ ವೆಂಬ್ಲಿ, ಆಮೇಲೆ ಲಿವರ್‌ಪೂಲ್, ಕೊನೆಗೆ ನಾನಿರುವ ಲೀಡ್ಸ್. ಕ್ರಿಕೆಟ್‌ನ ಹಾಗೆ ಈ ಆಟದಲ್ಲೂ ಇಂಗ್ಲೆಂಡ್-ಆಸ್ಟ್ರೇಲಿಯಾ ಸರಣಿಗೆ ಆ್ಯಶಸ್ ಅಂತಲೇ ಹೆಸರು. ಕಾಂಗರೂಗಳು (ಆಸ್ಟ್ರೇಲಿಯಾ ತಂಡವನ್ನು ಕರೆಯುವುದೇ ಹಾಗೆ) ನಡುವೆ ವಿಶ್ವಕಪ್‌ಗೆ ಬಂದು ಹೋಗಿದ್ದರು. ಆದರೆ ಹೀಗೆ ಆ್ಯಶಸ್ ಸರಣಿ ಆಡಲು ಬಂದು 22 ವರ್ಷವಾಗಿತ್ತು. 2020ರಲ್ಲಿ ಬರಬೇಕಿತ್ತು, ಕೋವಿಡ್ ಬಂದು ಅದು ರದ್ದಾಯಿತು.

ಮೂರೂ ಟೆಸ್ಟನ್ನು ಮೈದಾನದಲ್ಲೇ ನೋಡಿದೆ. "ಟಿವಿಯಲ್ಲಿ ಬರಲ್ವಾ? ಅಷ್ಟು ದೂರ ಹೋಗಿ ಮೂಲೆ ಸೀಟಿನಲ್ಲಿ ಯಾಕೆ ಕೂರ್ತೀರಿ?" ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಲೇ ಇದ್ದರು. ಮೂಲೆಯಲ್ಲ, ಗೋಲ್ ಕಂಬದ ಹಿಂದೆ. ಬೇಕಂತಲೇ ಅಲ್ಲಿ ಕೂತಿದ್ದು.

ಮೊದಲು ಟಿಕೆಟ್ ವಿಷಯ. ಪಂದ್ಯ ನಡೆಯುವ ಕ್ರಮದಲ್ಲಿ ನಾನು ಟಿಕೆಟ್ ತೆಗೆದುಕೊಳ್ಳಲಿಲ್ಲ, ಮೈದಾನ ಚಿಕ್ಕದಿರುವ ಕಡೆಯಿಂದ ಶುರು ಮಾಡಿದೆ. ಲೀಡ್ಸ್‌ನ ಹೆಡಿಂಗ್ಲೆಯಲ್ಲಿ ಜಾಗ ಇರುವುದು 20,000ಕ್ಕೂ ಕಡಿಮೆ. ಅದನ್ನು ಬಿಟ್ಟರೆ ಸಿಗುವುದಿಲ್ಲ ಅನ್ನುವುದು ಊರಿಗೇ ಗೊತ್ತಿದ್ದ ಮಾತು. ಆಮೇಲೆ ಲಿವರ್‌ಪೂಲ್. ಅಲ್ಲಿ ಪಂದ್ಯ ಇದ್ದದ್ದು ಎವರ್ಟನ್ ಫುಟ್‌ಬಾಲ್ ಕ್ಲಬ್ ಅದೇ ವರ್ಷ ತೆರೆದ ಹೊಸ ಹಿಲ್ ಡಿಕಿನ್ಸನ್ ಸ್ಟೇಡಿಯಂನಲ್ಲಿ. ಹೊಸ ಮೈದಾನ ನೋಡುವ ಆಸೆಗೇ ಅರ್ಧ ಜನ ಬರುತ್ತಾರೆ. ವೆಂಬ್ಲಿಯಲ್ಲಿ 90,000 ಸೀಟು, ಅದಕ್ಕೆ ಅವಸರವಿಲ್ಲ ಅಂತ ಕೊನೆಗೆ ಇಟ್ಟುಕೊಂಡೆ.

ಸೀಟಿನ ವಿಷಯಕ್ಕೆ ಬರುವ ಮೊದಲು ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಹತ್ತುವುದಿಲ್ಲ. ರಗ್ಬಿ ಲೀಗ್‌ನಲ್ಲಿ ಒಂದು ಕಡೆ 13 ಜನ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು, ಮುಂದಕ್ಕೆ ಒಯ್ಯಬೇಕಾದರೆ ಓಡಬೇಕು ಅಥವಾ ಒದೆಯಬೇಕು. ಎದುರಾಳಿ ಹಿಡಿದು ಕೆಡವಿದರೆ ಅದು ಒಂದು ಟ್ಯಾಕಲ್. ಒಂದು ತಂಡಕ್ಕೆ ಸಿಗುವುದು ಅಂಥ ಆರು. ಆರನೆಯದಕ್ಕೂ ಏನೂ ಆಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸುಲಭ, ಆರು ಎಸೆತದ ಓವರ್ ಇದ್ದ ಹಾಗೆ. ನಾನು ಈಗಲೂ ಬೆರಳು ಮಡಚಿ ಎಣಿಸುತ್ತೇನೆ. ಐದು ಟ್ಯಾಕಲ್ ಮುಗಿಯಿತು ಅಂದರೆ ಇನ್ನು ಒದೆತ ಬರುತ್ತದೆ ಅಂತ ಅರ್ಥ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 4 ಅಂಕ. ಆಮೇಲಿನ ಕಿಕ್ ಕಂಬಗಳ ನಡುವೆ ಹೋದರೆ ಇನ್ನೆರಡು. ಪೆನಾಲ್ಟಿ ಗೋಲಿಗೂ ಎರಡೇ.

ಎಣಿಕೆ ಬಂದರೆ ಅರ್ಧ ಆಟ ಅರ್ಥವಾದಂತೆ. ಇನ್ನರ್ಧ ಇರುವುದು ಚೆಂಡು ಇಲ್ಲದ ಕಡೆ. ಕೆಳಗೆ ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಅಷ್ಟರೊಳಗೆ ಎದುರಾಳಿಗಳು 10 ಮೀಟರ್ ಹಿಂದೆ ಸರಿದು ಸಾಲಾಗಿ ನಿಲ್ಲಬೇಕು. ಬಿದ್ದವನು ಬೇಗ ಎದ್ದರೆ ಅವರು ಇನ್ನೂ ಹಿಂದಕ್ಕೆ ಹೆಜ್ಜೆ ಹಾಕುತ್ತಿರುತ್ತಾರೆ, ಸಾಲು ಕೂಡಿರುವುದಿಲ್ಲ. ಆಗ ಓಡಿದವನಿಗೆ ದಾರಿ ಸಿಗುತ್ತದೆ. ನಿಧಾನಕ್ಕೆ ಎದ್ದರೆ ಎದುರಿಗೆ ಗೋಡೆ ಸಿದ್ಧ. ಅದಕ್ಕೇ ಕೆಡವಿದವರು ಬಿದ್ದವನ ಮೇಲೆ ಇನ್ನೊಂದು ಕ್ಷಣ ಮಲಗಿರಲು ನೋಡುತ್ತಾರೆ, ರೆಫ್ರಿ ಬಿಡಿ ಬಿಡಿ ಅಂತ ಕೂಗುತ್ತಿರುತ್ತಾರೆ. ಇಡೀ ಪಂದ್ಯ ನಿಂತಿರುವುದು ಆ ಒಂದೆರಡು ಸೆಕೆಂಡಿನ ಜಗಳದ ಮೇಲೆ.

ಟಿವಿ ಕ್ಯಾಮೆರಾ ಪಕ್ಕದಿಂದ ಚೆಂಡಿನ ಹಿಂದೆಯೇ ಓಡುತ್ತದೆ. ಎದುರಾಳಿಗಳ ಆ ಸಾಲು ಉದ್ದಕ್ಕೆ ಹೇಗೆ ನಿಂತಿದೆ, ಎಲ್ಲಿ ಇಬ್ಬರ ನಡುವೆ ಜಾಗ ಜಾಸ್ತಿ ಬಿಟ್ಟಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಗೋಲ್ ಕಂಬದ ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂತರೆ ಪೂರ್ತಿ ಕಾಣುತ್ತದೆ. ಪಕ್ಕದ ಸ್ಟ್ಯಾಂಡಿನ ನಡು ಸೀಟಿಗಿಂತ ಸಾಮಾನ್ಯವಾಗಿ ಅಗ್ಗ ಬೇರೆ. ಇದನ್ನು ನನಗೆ ಹೇಳಿಕೊಟ್ಟವರು ಆಫೀಸಿನಲ್ಲಿರುವ ವೇಕ್‌ಫೀಲ್ಡ್ ಕಡೆಯ ಹಿರಿಯರೊಬ್ಬರು. ಚೆಂಡು ನೋಡಬೇಡ, ಗೋಡೆ ನೋಡು ಅನ್ನುವುದು ಅವರ ಮಂತ್ರ.

ಅಕ್ಟೋಬರ್ 25, ವೆಂಬ್ಲಿ. ಲೀಡ್ಸ್‌ನಿಂದ ಕಿಂಗ್ಸ್ ಕ್ರಾಸ್‌ಗೆ ಬೆಳಗಿನ ರೈಲು, ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಮೆಟ್ರೊಪಾಲಿಟನ್ ಲೈನ್ ನೇರ ವೆಂಬ್ಲಿ ಪಾರ್ಕ್‌ಗೆ. ನಮ್ಮ ಬೋಗಿಯಲ್ಲಿ ಬರೀ ಉತ್ತರದವರೇ. ವಿಗನ್, ಸೇಂಟ್ ಹೆಲೆನ್ಸ್, ಹಲ್, ಕ್ಯಾಸಲ್‌ಫರ್ಡ್, ಎಲ್ಲ ಕ್ಲಬ್ಬಿನ ಜರ್ಸಿಯೂ ಇತ್ತು. ಇಂಗ್ಲೆಂಡಿನಲ್ಲಿ ಈ ಆಟ ಗಟ್ಟಿಯಾಗಿ ಬೇರು ಬಿಟ್ಟಿರುವುದು ಲ್ಯಾಂಕಷೈರ್, ಯಾರ್ಕ್‌ಷೈರ್, ಕಂಬ್ರಿಯಾದಲ್ಲಿ ಮಾತ್ರ. ಲಂಡನ್ ಅವರಿಗೂ ಹೊರಗಿನ ಊರೇ. ನನ್ನ ಪುಳಿಯೋಗರೆ ಡಬ್ಬಿ ಪೀಟರ್‌ಬರೋ ದಾಟುವಷ್ಟರಲ್ಲಿ ಖಾಲಿಯಾಗಿತ್ತು. ಮೈದಾನದ ಒಳಗೆ ದೊಡ್ಡ ಬ್ಯಾಗ್ ಬಿಡುವುದಿಲ್ಲ, ರೈಲಲ್ಲೇ ತಿಂದು ಮುಗಿಸುವುದು ಒಳ್ಳೆಯದು.

ಜನ 60,000 ಮೀರಿ ಬಂದಿದ್ದರು. ಇಂಗ್ಲೆಂಡ್ 6-26ರಿಂದ ಸೋತಿತು. ಆಸ್ಟ್ರೇಲಿಯಾ ಕಡೆ ರೀಸ್ ವಾಲ್ಷ್ ಎರಡು ಟ್ರೈ, ಆಂಗಸ್ ಕ್ರೈಟನ್ ಎರಡು. ನಾನು ಹೆಚ್ಚು ಹೊತ್ತು ನೋಡಿದ್ದು ವಾಲ್ಷ್‌ನನ್ನು. ಅವನು ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವವನು. ತನ್ನ ತಂಡದ ಹತ್ತಿರ ಚೆಂಡು ಇದ್ದಾಗ ಅವನು ಸುಮ್ನೆ ಅಡ್ಡಾಡಿದ ಹಾಗೆ ಕಾಣುತ್ತದೆ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಎದುರಿನ ಸಾಲಿನಲ್ಲಿ ಯಾರೋ ಒಬ್ಬ ಸುಸ್ತಾಗಿ ಅರ್ಧ ಹೆಜ್ಜೆ ತಡ ಮಾಡಿದ ಅಂದ ಕೂಡಲೇ ಆ ಕಡೆಗೆ ಓಟ ಶುರು. ಚೆಂಡು ಅವನ ಕೈಗೆ ಬರುವುದು ಆಮೇಲೆ. ಟಿವಿಯಲ್ಲಿ ನೋಡುವವರಿಗೆ ಅವನು ಎಲ್ಲಿಂದಲೋ ಧುತ್ತನೆ ಬಂದ ಹಾಗೆ ಅನಿಸುತ್ತದೆ. ನಮಗೆ ಮೇಲಿನಿಂದ ಅವನು ಬರುವುದು ಮೊದಲೇ ಕಾಣುತ್ತಿತ್ತು. ಇಂಗ್ಲೆಂಡಿನ ಒಂದೇ ಟ್ರೈ ಡ್ಯಾರಿಲ್ ಕ್ಲಾರ್ಕ್‌ನಿಂದ ಬಂತು. ಅಷ್ಟು ಹೊತ್ತಿಗೆ ಪಂದ್ಯ ಕೈಬಿಟ್ಟಿತ್ತು. ಇಡೀ ಸರಣಿಯಲ್ಲೇ ಇಂಗ್ಲೆಂಡಿಗೆ ಸಿಕ್ಕ ಟ್ರೈ ಅದೊಂದೇ ಆಗುತ್ತದೆ ಅಂತ ಆವತ್ತು ಯಾರೂ ಊಹಿಸಿರಲಿಲ್ಲ.

ಇಲ್ಲೊಂದು ಮಾತು. ಫುಟ್‌ಬಾಲ್‌ನಂತೆ ಇಲ್ಲಿ ಎರಡು ಕಡೆಯ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುವುದಿಲ್ಲ. ನನ್ನ ಎಡಕ್ಕೆ ಹಸಿರು-ಹಳದಿ ಜರ್ಸಿಯ ಕುಟುಂಬ, ಬಲಕ್ಕೆ ಸಾಲ್ಫರ್ಡ್‌ನ ಅಜ್ಜ-ಮೊಮ್ಮಗ. ಬೈಗುಳ ಇಲ್ಲದೆ ಇಲ್ಲ, ಆದರೆ ಹೆಚ್ಚಿನದು ರೆಫ್ರಿಗೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ, ಧಾರಾಳವಾಗಿ.

ಲಿವರ್‌ಪೂಲ್‌ಗೆ ಹೋಗುವ ದಾರಿಯಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ ಇಳಿದುಕೊಂಡೆ. ಲೀಡ್ಸ್‌ನಿಂದ ಅದೇ ರೈಲು ಮಾರ್ಗ. ಸ್ಟೇಷನ್ ಹೊರಗೆ ಬಂದರೆ ಚೌಕದ ಪಕ್ಕದಲ್ಲೇ ಜಾರ್ಜ್ ಹೋಟೆಲ್. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳು ಇಲ್ಲಿ ಸಭೆ ಸೇರಿ, ಆಗ ರಗ್ಬಿ ನಡೆಸುತ್ತಿದ್ದ ರಗ್ಬಿ ಯೂನಿಯನ್‌ನಿಂದ ಬೇರೆಯಾದವು. ಜಗಳ ಇದ್ದದ್ದು ಕೂಲಿಯದು. ಗಣಿಯವರು, ಗಿರಣಿಯವರು ಶನಿವಾರ ಆಡಬೇಕಾದರೆ ಕೆಲಸ ಬಿಟ್ಟು ಬರಬೇಕು, ಆ ದಿನದ ಸಂಬಳ ಹೋಗುತ್ತದೆ. ಅದಕ್ಕೆ ದಿನಕ್ಕೆ 6 ಶಿಲಿಂಗ್ ಕೊಡಬೇಕು ಅಂತ ಇವರು, ದುಡ್ಡು ಮುಟ್ಟಿದರೆ ಆಟ ಕೆಟ್ಟಿತು ಅಂತ ಲಂಡನ್‌ನ ಸಾಹುಕಾರರು. ಹಾಗೆ ಹುಟ್ಟಿದ ಆಟ ಇದು. 13 ಜನರ ನಿಯಮ ಬಂದದ್ದು ಆಮೇಲೆ, 1906ರಲ್ಲಿ. ಹೊರಗಿನಿಂದ ಕಟ್ಟಡ ನೋಡಿ, ಚೌಕದಲ್ಲಿ ಹಿಂದಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಪ್ರತಿಮೆಯ ಪಕ್ಕ ಟೀ ಕುಡಿದು ಮುಂದಿನ ರೈಲು ಹತ್ತಿದೆ. ಕಳೆದ ಪ್ರವಾಸದ ಕೊನೆಯ ಟೆಸ್ಟ್, 2003ರದ್ದು, ಇದೇ ಊರಲ್ಲಿ ನಡೆದಿತ್ತು. ಆ ಸರಣಿಯ ಸ್ಕೋರು ಆಸ್ಟ್ರೇಲಿಯಾ ಪರ 22-18, 23-20, 18-12. ಆಗ ಆಡಿದ್ದ ಗ್ರೇಟ್ ಬ್ರಿಟನ್ ತಂಡಕ್ಕೆ ಮೂರೂ ಸೋಲೇ. ಆದರೂ ಈ ಕಡೆಯ ಜನ ಅದನ್ನು ನೆನೆದು ಇವತ್ತಿಗೂ ಕೈ ಹಿಚುಕಿಕೊಳ್ಳುತ್ತಾರೆ.

ನವೆಂಬರ್ 1ರ ಹೊತ್ತಿಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಎರಡೂವರೆಗೆ ಶುರುವಾದ ಆಟ ಮುಗಿಯುವಷ್ಟರಲ್ಲಿ ಸಂಜೆಗತ್ತಲು. ಲೈಮ್ ಸ್ಟ್ರೀಟ್ ಸ್ಟೇಷನ್‌ನಿಂದ ಮೈದಾನಕ್ಕೆ ನಡೆದೇ ಹೋದೆ. ಹಳೇ ಹಡಗುಕಟ್ಟೆಗಳ ಪಕ್ಕದ ರಸ್ತೆ, ಮುಕ್ಕಾಲು ಗಂಟೆ. ಬ್ರಾಮ್ಲಿ ಮೂರ್ ಅನ್ನುವ ಹಡಗುಕಟ್ಟೆಯನ್ನು ಮುಚ್ಚಿ ಅದರ ಮೇಲೆ ಸ್ಟೇಡಿಯಂ ಎಬ್ಬಿಸಿದ್ದಾರೆ. ಅದರ ದಕ್ಷಿಣ ಸ್ಟ್ಯಾಂಡ್ ತುಂಬಾ ಕಡಿದು, ಕಂಬದ ಹಿಂದೆ ನೇರ ಎದ್ದ ಮೆಟ್ಟಿಲುಗಳ ಹಾಗೆ. ಗೋಡೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಆವತ್ತು ಇಂಗ್ಲೆಂಡ್ ನಿಜವಾಗಿ ಆಡಿತು. ರಕ್ಷಣೆಯಲ್ಲಿ ಎಲ್ಲೂ ಬಿಟ್ಟುಕೊಡಲಿಲ್ಲ. ಆಮೇಲೆ ಕೆಲವೇ ನಿಮಿಷದ ಅಂತರದಲ್ಲಿ ಎರಡು ಟ್ರೈ ಹೋದವು, ಅಲ್ಲಿಗೆ ಮುಗಿಯಿತು. 4-14. ಇಂಗ್ಲೆಂಡಿನ ನಾಲ್ಕು ಅಂಕ ಬಂದದ್ದು ಹ್ಯಾರಿ ಸ್ಮಿತ್‌ನ ಎರಡು ಪೆನಾಲ್ಟಿಯಿಂದ. ನನ್ನ ಕಣ್ಣಿಗೆ ಕಂಡದ್ದು ಇಷ್ಟು. ಇಂಗ್ಲೆಂಡಿನವರು ಓಡುತ್ತಿದ್ದದ್ದು ಯಾವಾಗಲೂ ಸಾಲಿನ ನಡುವಿಗೆ, ದಪ್ಪಗೆ ಜನ ಇರುವ ಕಡೆಗೆ. ಬಿದ್ದವನು ಏಳುವುದು ನಿಧಾನ. ಅವನು ಏಳುವಷ್ಟರಲ್ಲಿ ಆಸ್ಟ್ರೇಲಿಯಾದ ಸಾಲು ಹಿಂದೆ ಸರಿದು, ನಿಂತು, ಕಾಯುತ್ತಿರುತ್ತಿತ್ತು. ಐದು ಬೆರಳು ಮಡಚಿದೆ, ಒದೆತ. ಮತ್ತೆ ಐದು, ಮತ್ತೆ ಒದೆತ. ಆಸ್ಟ್ರೇಲಿಯಾ ಕಡೆ ಹ್ಯಾರಿ ಗ್ರಾಂಟ್ ಅನ್ನುವವನು, ಬಿದ್ದವನ ಹಿಂದಿನಿಂದ ಚೆಂಡು ಎತ್ತಿಕೊಳ್ಳುವ ಜಾಗದವನು, ಎದುರು ಸಾಲು ಕೂಡುವ ಮೊದಲೇ ಜಿಗಿಯುತ್ತಿದ್ದ. ಮರುದಿನದ ಪತ್ರಿಕೆಗಳಲ್ಲಿ ಇಂಗ್ಲೆಂಡಿಗೆ ಕಲ್ಪನೆ ಸಾಲದು ಅಂತೆಲ್ಲ ಬಂತು. ಇರಬಹುದು. ಕಲ್ಪನೆಗಿಂತ ಮೊದಲು ಬೇಗ ಎದ್ದು ನಿಲ್ಲುವುದು ಬೇಕಿತ್ತು ಅಂತ ನನಗನಿಸಿತು.

ಸರಣಿ ಅಲ್ಲೇ ಕೈತಪ್ಪಿತ್ತು. ಆದರೂ ನವೆಂಬರ್ 8ಕ್ಕೆ ಹೆಡಿಂಗ್ಲೆ ತುಂಬಿತ್ತು. ಈ ಜಾಗ ನಮ್ಮವರಿಗೆ ಹೊಸದಲ್ಲ. ಕ್ರಿಕೆಟ್ ಮೈದಾನ ಮತ್ತು ರಗ್ಬಿ ಮೈದಾನ ಬೆನ್ನಿಗೆ ಬೆನ್ನು ಕೊಟ್ಟುಕೊಂಡಿವೆ, ನಡುವಿನ ಸ್ಟ್ಯಾಂಡ್ ಎರಡಕ್ಕೂ ಒಂದೇ. 2002ರಲ್ಲಿ ದ್ರಾವಿಡ್ 148 ಹೊಡೆದದ್ದು ಆ ಸ್ಟ್ಯಾಂಡಿನ ಆಚೆ ಬದಿ. ಕೆ.ಎಲ್. ರಾಹುಲ್‌ನ 137 ಇದೇ 2025ರ ಜೂನ್‌ನಲ್ಲಿ. ಲೀಡ್ಸ್‌ಗೆ ನೋಡಲು ಬರುವ ಕನ್ನಡಿಗರೆಲ್ಲ ಆ ಬದಿಯಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಈಚೆ ಬದಿಯಲ್ಲಿ ಇನ್ನೊಂದು ಮೈದಾನ ಇದೆ ಅಂತ ಹೇಳಿದರೆ ಆಶ್ಚರ್ಯಪಡುತ್ತಾರೆ.

ಹೆಡಿಂಗ್ಲೆಯಲ್ಲಿ ನನ್ನ ಎತ್ತರದ ಲೆಕ್ಕ ನಡೆಯುವುದಿಲ್ಲ. ಕಂಬದ ಹಿಂದಿನ ವೆಸ್ಟರ್ನ್ ಟೆರೇಸ್‌ನಲ್ಲಿ ನಿಂತು ನೋಡಬೇಕು, ಮೇಲೆ ಸೂರಿಲ್ಲ, ಎತ್ತರವೂ ಕಮ್ಮಿ. ಅಲ್ಲಿಗೆ ಹೋಗುವುದು ಕೇಳುವುದಕ್ಕೆ. ನೂರು ಕೆ.ಜಿ. ದಾಟಿದ ಇಬ್ಬರು ಓಡಿ ಬಂದು ಗುದ್ದಿಕೊಂಡ ಸದ್ದು ಟಿವಿಯಲ್ಲಿ ಬರುವುದೇ ಇಲ್ಲ. ಮಾತು ಕೂಡ ಕೇಳುತ್ತದೆ. ಸಾಲಿನ ನಡುವಿನಲ್ಲಿ ಒಬ್ಬ ಎಡ, ಬಲ, ಮೇಲೆ ಅಂತ ಇಡೀ ಹೊತ್ತು ಅರಚುತ್ತಿರುತ್ತಾನೆ. ಸುಸ್ತಾದ ತಂಡ ಮೊದಲು ಬಿಡುವುದು ಆ ಅರಚಾಟವನ್ನು. ಇಂಗ್ಲೆಂಡ್ ಕಡೆಯಿಂದ ಅದು ಯಾವಾಗ ಕಡಿಮೆಯಾಯಿತು ಅಂತ ನಾವು ನಿಂತಿದ್ದ ಕಡೆ ಎಲ್ಲರಿಗೂ ಗೊತ್ತಾಯಿತು. 8-30. ಎಂಟೂ ಅಂಕ ಕಿಕ್‌ನಲ್ಲೇ ಬಂದವು. ಹಾಫ್ ಟೈಮ್‌ನಲ್ಲಿ ಮಾಂಸ ತಿನ್ನದವರಿಗೆ ಚೀಸ್-ಈರುಳ್ಳಿ ಪೈ ಇದೆ, ಜೊತೆಗೆ ಚಿಪ್ಸ್. ಕ್ಯೂ ಉದ್ದ, ವಿರಾಮ ಚಿಕ್ಕದು. ಐದು ನಿಮಿಷ ಮೊದಲೇ ಹೋಗಿ ನಿಲ್ಲಿ.

ನನಗೆ ಬೇಜಾರಾದದ್ದು ಸೋಲಿನಿಂದಲ್ಲ. ಪ್ರವಾಸ ಅಂದರೆ ಇಷ್ಟೇನಾ ಅನ್ನಿಸಿತು. ಮೊದಲ ಕಾಂಗರೂ ತಂಡ 1908ರಲ್ಲಿ ಹಡಗಿನಲ್ಲಿ ಬಂದಾಗ ಚಳಿಗಾಲ ಪೂರ್ತಿ ಇಲ್ಲೇ ಇದ್ದು ನಲವತ್ತಕ್ಕೂ ಹೆಚ್ಚು ಪಂದ್ಯ ಆಡಿತು. ಜೊತೆಗೆ ಒಂದು ನಿಜವಾದ ಕಾಂಗರೂವನ್ನೂ ತಂದಿದ್ದರು, ಪಾಪ, ಅದು ಇಲ್ಲಿ ಬದುಕಲಿಲ್ಲ. ಲಂಡನ್‌ನ ಪಾರ್ಕ್ ರಾಯಲ್‌ನಲ್ಲಿ ಮೊದಲ ಟೆಸ್ಟ್ 22-22ರ ಸಮ. ಆಗ ಜನ ಬಂದದ್ದು ಬರೀ ಎರಡು ಸಾವಿರದಷ್ಟು. 1982ರಲ್ಲಿ ಬಂದ ತಂಡ ಆಡಿದ್ದೆಲ್ಲ ಗೆದ್ದಿತು. ಆದರೆ ಆಡಿದ್ದು ಟೆಸ್ಟ್ ಮಾತ್ರ ಅಲ್ಲ, ಬ್ಯಾರೋದಂಥ ಸಣ್ಣ ಊರಿನ ಕ್ಲಬ್ಬುಗಳ ಮೇಲೂ. ವಿಗನ್ ಮೇಲೆ ಗೆದ್ದದ್ದು 13-9ರಿಂದ, ಕಷ್ಟಪಟ್ಟು. ನನ್ನ ವೇಕ್‌ಫೀಲ್ಡ್ ಹಿರಿಯರು ಹುಡುಗನಾಗಿದ್ದಾಗ ಶಾಲೆ ಮುಗಿಸಿ, ಅಪ್ಪನ ಜೊತೆ ವಾರದ ನಡುವೆ ಕಾಂಗರೂಗಳನ್ನು ನೋಡಲು ಹೋಗುತ್ತಿದ್ದರಂತೆ. 2025ರ ತಂಡ ಒಂದು ಕ್ಲಬ್ ಪಂದ್ಯವನ್ನೂ ಆಡಲಿಲ್ಲ. ಆಸ್ಟ್ರೇಲಿಯಾದಲ್ಲಿ ಸೀಸನ್ ಮುಗಿಯುವುದೇ ಅಕ್ಟೋಬರ್ ಮೊದಲ ವಾರಕ್ಕೆ, ಆಟಗಾರರಿಗೆ ವಿಶ್ರಾಂತಿ ಬೇಕು, ಅದೆಲ್ಲ ಸರಿ. ಆದರೂ ವಾರದ ನಡುವೆ ವಿಗನ್‌ನಲ್ಲಿ ಒಂದು, ಹಲ್‌ನಲ್ಲಿ ಒಂದು ಇಟ್ಟಿದ್ದರೆ ಎಷ್ಟು ಮಕ್ಕಳು ನೋಡುತ್ತಿದ್ದರು, ಅಲ್ವಾ?

ಮುಂದಿನ ದೊಡ್ಡ ಮೇಳ 2026ರ ಅಕ್ಟೋಬರ್-ನವೆಂಬರ್‌ನಲ್ಲಿ, ಆಸ್ಟ್ರೇಲಿಯಾ ಕಡೆ ನಡೆಯುವ ವಿಶ್ವಕಪ್. ಕೆಲವು ಪಂದ್ಯ ನ್ಯೂಜಿಲೆಂಡ್ ಮತ್ತು ಪಪುವಾ ನ್ಯೂಗಿನಿಯಲ್ಲೂ ಇವೆ. ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ನಮ್ಮವರಿಗೆ ಟಿಕೆಟ್ ಸಿಕ್ಕರೆ ಗೋಲ್ ಕಂಬದ ಹಿಂದಿನದು, ಮೇಲಿನ ಹಂತದ್ದು ನೋಡಿ. ಸಿಡ್ನಿಯ ರಾತ್ರಿ ಎಂಟರ ಪಂದ್ಯ ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆಗೆ ಬೀಳುತ್ತದೆ. ಮನೆಯಲ್ಲೇ ನೋಡುವವರು ಬೆರಳು ಮಡಚಿ ಎಣಿಸುವುದರಿಂದ ಶುರು ಮಾಡಿ. ಟ್ರೈ ಆದ ಮೇಲೆ ಕಂಬದ ಹಿಂದಿನ ಕ್ಯಾಮೆರಾದಿಂದ ಮತ್ತೊಮ್ಮೆ ತೋರಿಸುತ್ತಾರೆ, ಆಗ ಚೆಂಡು ಬಿಟ್ಟು ಸಾಲು ನೋಡಿ.