ತಂತಿಯಿಲ್ಲದ ಫೋನಿಗೂ ಎರಡು ತಂತಿ

ನಮ್ಮ ಮನೆ ಶಿರಸಿಯಿಂದ ಒಂದಿಷ್ಟು ಒಳಗೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾಗಿ ಈಗಲೂ ನಮಗೆ ಬರುವ ಫೋನೆಲ್ಲ ಲ್ಯಾಂಡ್‌ಲೈನಿಗೇ. ಮೊದಲು ಅದು ಜಗಲಿಯ ಗೂಡಿನಲ್ಲಿತ್ತು. ಆಯಿ ಕೊಟ್ಟಿಗೆಯಲ್ಲೋ ಹಿತ್ತಲಲ್ಲೋ ಇರುತ್ತಿದ್ದಳು. ರಿಂಗ್ ಕೇಳಿದ್ದೇ ಓಡಿ ಬರುತ್ತಿದ್ದಳು. 2014ರ ಮಳೆಗಾಲದಲ್ಲಿ ಹಾಗೇ ಓಡಿ ಬರುವಾಗ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದಳು. ಮುಂಗೈ ಮುರಿಯಿತು. ಅವಳು ಬಂದು ಮುಟ್ಟುವಷ್ಟರಲ್ಲಿ ನಿಂತುಹೋಗುವ ರಿಂಗಿಗಾಗಿ ಇಷ್ಟೆಲ್ಲ ಆಯಿತಲ್ಲ ಎಂದು ನನಗೆ ತುಂಬಾ ಬೇಜಾರಾಯಿತು. ಕಾರ್ಡ್‌ಲೆಸ್ ಫೋನ್ ತರಬೇಕೆಂದು ಅವತ್ತೇ ಗಟ್ಟಿ ಮಾಡಿದೆ.

ಮೊದಲು ಬಂದದ್ದು ಅಮೆರಿಕದ ಸೆಟ್. ಅಕ್ಕನ ಮಗ ಊರಿಗೆ ಬರುವಾಗ ಪ್ರೀತಿಯಿಂದ ತಂದಿದ್ದ. ಚಪ್ಪಟೆ ಪಿನ್ನಿಗೆ ನಮ್ಮ ಸಾಕೆಟ್ಟಿನ ಕನ್ವರ್ಟರ್ ಹಾಕಿ ಸ್ವಿಚ್ ಒತ್ತಿದೆ. ಒಂದು ನಿಮಿಷದೊಳಗೆ ಸುಟ್ಟ ವಾಸನೆ ಬಂತು. ಅಡಾಪ್ಟರಿನ ಹಿಂದೆ ಬರೆದದ್ದನ್ನು ಆಮೇಲೆ ಓದಿದೆ: 120 ವೋಲ್ಟ್. ನಮ್ಮದು 230. ಆ ಕನ್ವರ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೆ, ವೋಲ್ಟೇಜ್ ಬದಲಿಸುವುದಿಲ್ಲ. ಹೊರದೇಶದ ಯಾವುದೇ ಸಾಮಾನು ಹಾಕುವ ಮೊದಲು ಅಡಾಪ್ಟರಿನ ಬೆನ್ನಿನಲ್ಲಿ 100-240 ಎಂದು ಇದೆಯೇ ನೋಡಿ.

ಬೇರೆ ಅಡಾಪ್ಟರ್ ತಂದು ಆ ಸೆಟ್ಟನ್ನೇ ಬಳಸಬಹುದಿತ್ತು ಅಲ್ವಾ ಎಂದು ನಿಮಗನ್ನಿಸಬಹುದು. ಬಳಸಬಾರದು. ಅದು ಡೆಕ್ಟ್ 6.0 ಎನ್ನುವ ಜಾತಿಯದ್ದು. ಅಮೆರಿಕದಲ್ಲಿ ಅದಕ್ಕೆ ರೇಡಿಯೋ ತರಂಗಗಳಲ್ಲಿ 1920ರಿಂದ 1930 ಮೆಗಾಹರ್ಟ್ಸ್‌ವರೆಗಿನ ಜಾಗ ಕೊಟ್ಟಿದ್ದಾರೆ. ನಮ್ಮಲ್ಲಿ ಅದೇ ಜಾಗ ಮೊಬೈಲ್ ಕಂಪನಿಗಳಿಗೆ ಹೋಗಿದೆ. ಮೊಬೈಲಿನಿಂದ ಟವರಿಗೆ ಹೋಗುವ ಮಾತು ಅಲ್ಲಿ ಓಡಾಡುತ್ತದೆ. ಅಲ್ಲಿ ನಮ್ಮ ಫೋನ್ ಕೂತರೆ ಸುತ್ತಲಿನವರ ಕರೆಗೆ ತೊಂದರೆ. ಅಮೆರಿಕದ ನೆಂಟರು ಈಗಲೂ ಇಂಥ ಸೆಟ್ ತರುತ್ತಾರೆ. ಬರುವ ಮೊದಲೇ ಬೇಡ ಎಂದು ಹೇಳಿಬಿಡುವುದು ಒಳ್ಳೆಯದು. ಮೈಲುಗಟ್ಟಲೆ ಕೇಳುತ್ತದೆ ಎಂದು ಬಿಲ್ ಇಲ್ಲದೆ ಮಾರುವ ಉದ್ದ ಆಂಟೆನಾದ ಸೆಟ್‌ಗಳನ್ನೂ ನಾನು ಮುಟ್ಟಲಿಲ್ಲ. ಅವಕ್ಕೆ ವೈರ್‌ಲೆಸ್ ಲೈಸೆನ್ಸ್ ಬೇಕು.

ಕೊನೆಗೆ ಇಲ್ಲಿಯದೇ 2.4 ಗಿಗಾಹರ್ಟ್ಸ್ ಸೆಟ್ ಒಂದನ್ನು ಬಿಲ್ ಸಮೇತ ತಂದೆ. ಅದನ್ನು ಕೂರಿಸಿದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಳೆಯ ಫೋನಿದ್ದ ಗೂಡಿನಲ್ಲೇ ಬೇಸ್, ಅಂದರೆ ಹ್ಯಾಂಡ್‌ಸೆಟ್ ಕೂರುವ ಪೆಟ್ಟಿಗೆ, ಇಟ್ಟೆ. ಕೊಟ್ಟಿಗೆಗೆ ಹೋದರೆ ಮಾತು ತುಂಡು ತುಂಡಾಗುತ್ತಿತ್ತು. ಬಯಲಲ್ಲಿ 300 ಮೀಟರ್, ಮನೆಯೊಳಗೆ 50 ಮೀಟರ್ ಎಂದು ಪುಸ್ತಿಕೆಯಲ್ಲಿತ್ತು. ನಮ್ಮದು ಒಂದೂವರೆ ಅಡಿ ದಪ್ಪದ ಚಿರೆಕಲ್ಲಿನ ಗೋಡೆ. ಅಂಥ ಎರಡು ಗೋಡೆ ದಾಟಿದರೆ ಆ ಲೆಕ್ಕ ನಡೆಯುವುದಿಲ್ಲ. ಹುಬ್ಬಳ್ಳಿಯ ತಂಗಿಗೆ ಫೋನ್ ಮಾಡಿದೆ. ‘ಒಂದರಿಂದ ನೂರರವರೆಗೆ ನಿಧಾನಕ್ಕೆ ಎಣಿಸುತ್ತಾ ಇರು’ ಎಂದೆ. ಹ್ಯಾಂಡ್‌ಸೆಟ್ ಕಿವಿಗೆ ಹಿಡಿದು ಮನೆಯೆಲ್ಲ, ಅಂಗಳ, ಹಿತ್ತಲು, ಕೊಟ್ಟಿಗೆ ಸುತ್ತಿದೆ. ಯಾವ ಸಂಖ್ಯೆ ನುಂಗಿಹೋಯಿತೋ ಆ ಜಾಗ ಗುರುತು ಮಾಡಿಕೊಂಡೆ. ಬೇಸನ್ನು ನಡುಮನೆಯ ಕಿಟಕಿ ಪಕ್ಕ, ಎದೆಯೆತ್ತರಕ್ಕೆ ತಂದು ಮತ್ತೆ ಎಣಿಸಲು ಹೇಳಿದೆ. ಈ ಸಲ ಕೊಟ್ಟಿಗೆಯ ಆಚೆ ಗೋಡೆಯವರೆಗೂ ಎಲ್ಲ ಸಂಖ್ಯೆ ಬಂತು.

ಜೊತೆಗೆ ಕರ್ ಎನ್ನುವ ಸದ್ದೊಂದಿತ್ತು. ಬೇಸ್ ಪಕ್ಕದಲ್ಲೇ ಬ್ರಾಡ್‌ಬ್ಯಾಂಡ್ ಮೋಡೆಮ್ ಇಟ್ಟಿದ್ದೆ. ವೈಫೈ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ. ಎರಡನ್ನೂ ಒಂದಾಳು ದೂರ ಮಾಡಿದ ಮೇಲೆ ಅರ್ಧ ಸದ್ದು ಹೋಯಿತು. ಉಳಿದರ್ಧ ಲೈನಿನದ್ದು. ಫೋನ್ ಲೈನ್ ಬಂದು ಸೇರುವ ಗೋಡೆಯ ರೋಸೆಟ್ ಬಾಕ್ಸಿನಿಂದ ಬರುವ ತಂತಿ ಮೊದಲು ಮಾತನ್ನೂ ಇಂಟರ್ನೆಟ್ಟನ್ನೂ ಬೇರೆ ಮಾಡುವ ಸ್ಪ್ಲಿಟರಿಗೆ ಹೋಗಿ, ಅದರ ಫೋನ್ ತೂತಿನಿಂದ ಬೇಸಿಗೆ ಬರಬೇಕಿತ್ತು. ನಾನು ಸ್ಪ್ಲಿಟರ್ ಬಿಟ್ಟು ಸೀದಾ ಹಾಕಿದ್ದೆ.

ರೋಸೆಟ್ಟಿನ ಸ್ಕ್ರೂ ಬಿಗಿ ಮಾಡುವಾಗ ಇನ್ನೊಂದು ಪಾಠ ಕಲಿತೆ. ಫೋನ್ ಲೈನಿನಲ್ಲಿ ಸುಮ್ನೆ ಇರುವಾಗ 48 ವೋಲ್ಟ್ ಡಿಸಿ ಇರುತ್ತದೆ. ಅದು ಕೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ರಿಂಗ್ ಬರುವಾಗ ಅದರ ಮೇಲೆ 75 ವೋಲ್ಟ್‌ನಷ್ಟು ಎಸಿ ಬರುತ್ತದೆ. ಒದ್ದೆ ಬೆರಳಲ್ಲಿ ತಂತಿ ಹಿಡಿದಿದ್ದಾಗಲೇ ಯಾರೋ ಫೋನ್ ಮಾಡಿದರು. ಕೈ ಝುಂ ಎಂದು ಸ್ಕ್ರೂಡ್ರೈವರ್ ಹಾರಿತು. ಈಗ ರೋಸೆಟ್ ಬಿಚ್ಚುವ ಮೊದಲು ಹೊರಗೋಡೆಯ ಬಾಕ್ಸಿನಲ್ಲೇ ತಂತಿ ಕಳಚುತ್ತೇನೆ.

ಹ್ಯಾಂಡ್‌ಸೆಟ್ಟನ್ನು ಮೊದಲ ಸಲ 16 ತಾಸು ಚಾರ್ಜಿಗೆ ಇಡಿ ಎಂದು ಬರೆದಿತ್ತು. ಇಟ್ಟೆ. ಬೇಸಿನ ಪಿನ್ ನಂಬರ್ 0000 ಇತ್ತು, ಅದನ್ನು ಬದಲಿಸಿದೆ. ಇವು ಸಣ್ಣ ಕೆಲಸ, ಹತ್ತು ನಿಮಿಷದ್ದು.

ದೊಡ್ಡ ಪೆಟ್ಟು ಬಿದ್ದದ್ದು ಮರುವರ್ಷದ ಮೇ ತಿಂಗಳಲ್ಲಿ. ನಮ್ಮ ಕಡೆ ಮುಂಗಾರಿಗೆ ಮೊದಲು, ಏಪ್ರಿಲ್-ಮೇ ಸಂಜೆಗಳಲ್ಲಿ ಗುಡುಗು ಸಿಡಿಲು ಜಾಸ್ತಿ. ಹಳೆಯ ಫೋನಿದ್ದಾಗ ಗುಡುಗು ಬಂದರೆ ಅಪ್ಪ ಫೋನಿನ ಪಿನ್ ತೆಗೆಯುತ್ತಿದ್ದ. ಅದನ್ನು ನೋಡಿಯೇ ಬೆಳೆದವನು ನಾನು. ಕಾರ್ಡ್‌ಲೆಸ್ ಬಂದ ಮೇಲೆ ಆ ಅಭ್ಯಾಸ ಬಿಟ್ಟೆ. ತಂತಿಯೇ ಇಲ್ಲವಲ್ಲ ಎನ್ನುವ ಧೈರ್ಯ. ಆದರೆ ಬೇಸಿಗೆ ಒಂದಲ್ಲ, ಎರಡು ತಂತಿ. ಒಂದು ಕಂಬದಿಂದ ಕಂಬಕ್ಕೆ ಕಾಡು ಹಾದು ಬಂದ ಫೋನಿನ ಡ್ರಾಪ್ ವೈರ್. ಇನ್ನೊಂದು ಕರೆಂಟ್. ಸಿಡಿಲಿನ ಹೊಡೆತ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗಲು ನಡುವೆ ಇರುವ ದಾರಿ ನಮ್ಮ ಬೇಸ್. ಅವತ್ತು ದೂರದಲ್ಲೆಲ್ಲೋ ಬಡಿದ ಸಿಡಿಲಿಗೆ ಬೇಸ್ ಒಡೆದು ಕಪ್ಪಾಯಿತು. ಸ್ಪ್ಲಿಟರ್ ಮತ್ತು ಮೋಡೆಮ್ ಅದರ ಜೊತೆಗೇ ಹೋದವು. ಗೋಡೆಯಲ್ಲಿ ಇವತ್ತಿಗೂ ಮಸಿಯ ಗುರುತಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ, ಅದು ಪುಣ್ಯ.

ಲೈನ್‌ಮನ್ ಬಂದು ನೋಡಿ, ‘ಹೆಗಡೇರೇ, ಸ್ಪೈಕ್ ಗಾರ್ಡ್ ಹಾಕಿದ್ರಲ್ಲ, ಅದು ಕರೆಂಟ್ ಬದಿಗೆ ಮಾತ್ರ. ಫೋನ್ ಬದಿಗೆ ಏನಿತ್ತು?’ ಎಂದು ಕೇಳಿದ. ಏನೂ ಇರಲಿಲ್ಲ. ಎರಡೂ ಬದಿ ಕಾಯುವ ಗಾರ್ಡ್‌ಗಳೂ ಸಿಗುತ್ತವೆ. ಅವಕ್ಕೆ ಒಳ್ಳೆಯ ಅರ್ತಿಂಗ್ ಬೇಕು. ಹತ್ತಿರದಲ್ಲೇ ಸಿಡಿಲು ಬಿದ್ದರೆ ಅವೂ ತಡೆಯುವುದಿಲ್ಲ. ಪಿನ್ ಎಳೆದು ಇಡುವುದರಷ್ಟು ಭರವಸೆಯ ದಾರಿ ನನಗೆ ಬೇರೆ ಕಾಣಲಿಲ್ಲ.

ಹೊಸ ಬೇಸಿಗೆ ಜಾಗ ಹುಡುಕುವಾಗ ಸಿಗ್ನಲ್ ಒಂದನ್ನೇ ನೋಡಲಿಲ್ಲ. ಎರಡು ಪಿನ್ನುಗಳಿಗೂ ಆಯಿಯ ಕೈ ಮುಟ್ಟಬೇಕು, ಬಗ್ಗಬಾರದು, ಕಪಾಟಿನ ಹಿಂದೆ ತಡಕಾಡಬಾರದು ಎಂದು ನೋಡಿದೆ. ಗೋಡೆಗೆ ಎರಡು ಮರದ ಗೂಟ ಹೊಡೆದೆ. ಒಂದು ಫೋನಿನ ಪಿನ್ನಿಗೆ, ಇನ್ನೊಂದು ಅಡಾಪ್ಟರಿಗೆ. ಎಳೆದ ಪಿನ್ನನ್ನು ಸಾಕೆಟ್ಟಿನ ಪಕ್ಕವೇ ಬಿಟ್ಟರೆ ಪ್ರಯೋಜನ ಕಡಿಮೆ. ಹೊಡೆತ ಸಣ್ಣ ಸಂದನ್ನು ಹಾರಿ ದಾಟುತ್ತದೆ. ಗೂಟಗಳನ್ನು ಸಾಕೆಟ್ಟಿನಿಂದ ಎರಡು ಅಡಿ ದೂರದಲ್ಲಿ ಹೊಡೆದದ್ದು ಅದಕ್ಕೇ.

ಯಾವಾಗ ಎಳೆಯಬೇಕು? ಮಿಂಚು ಕಂಡ ಮೇಲೆ ಎಣಿಸುತ್ತೇವೆ. ಗುಡುಗಿನ ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವಾಗ ಗುಡುಗು ಬಂದರೆ ಮಿಂಚಿದ್ದು 10 ಕಿಲೋಮೀಟರ್ ದೂರದಲ್ಲಿ. ನಾವು ಅಷ್ಟೊತ್ತಿಗೇ ಎಳೆದು ಮುಗಿಸಿರುತ್ತೇವೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಮತ್ತೆ ಹಾಕುತ್ತೇವೆ. ಮನೆಯ ಮೇಲೇ ಗುಡುಗುತ್ತಿದ್ದರೆ ಮಾತ್ರ ಯಾರೂ ಪಿನ್ನಿನ ಹತ್ತಿರ ಹೋಗಬಾರದು. ಬೇಸ್ ಹೋದರೆ ಹೋಗಲಿ. ಇದನ್ನು ಆಯಿಗೆ ಮತ್ತೆ ಮತ್ತೆ ಹೇಳಿದ್ದೇನೆ. ಅವಳಿಗೆ ಸಾಮಾನು ಹಾಳಾಗುವುದೆಂದರೆ ತಡೆಯಲಾಗುವುದಿಲ್ಲ.

ಕಾರ್ಡ್‌ಲೆಸ್ಸಿಗೆ ಇಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಗುಡುಗುವಾಗ ತಂತಿಯ ಫೋನ್ ಕಿವಿಗೆ ಹಿಡಿಯುವುದು ಅಪಾಯ, ಹೊಡೆತ ತಂತಿ ಹಿಡಿದು ಕಿವಿಗೇ ಬರಬಹುದು. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ ಹಿಡಿದವರಿಗೂ ಲೈನಿಗೂ ತಂತಿಯ ನಂಟಿಲ್ಲ. ಜೀವಕ್ಕೆ ಆ ಭಯವಿಲ್ಲ. ಹಾಗೆಂದು ಅದನ್ನು ಹಿಡಿದು ಅಂಗಳಕ್ಕಿಳಿಯಬಾರದು.

ಹಳೆಯ ತಂತಿಯ ಫೋನನ್ನು ಎಸೆಯಲು ನಾನು ಬಿಡಲಿಲ್ಲ. ಕರೆಂಟ್ ಹೋದರೆ ಬೇಸ್ ಸತ್ತಂತೆ, ಹ್ಯಾಂಡ್‌ಸೆಟ್ಟಿನಲ್ಲಿ ಎಷ್ಟು ಚಾರ್ಜ್ ಇದ್ದರೂ ಕರೆ ಹೋಗುವುದಿಲ್ಲ. ತಂತಿಯ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದಾಗ ನಮ್ಮನ್ನು ಕಾಪಾಡಿದ್ದು ಅದೇ. ಇವತ್ತಿಗೂ ಅದರ ಮೇಲಿನ ಗೋಡೆಯಲ್ಲಿ ದೊಡ್ಡ ಅಕ್ಷರದ ಕಾಗದವಿದೆ: ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ಬೆಂಕಿಗೆ 101. ಕೆಳಗೆ ಮನೆಗೆ ಬರುವ ದಾರಿಯನ್ನು ಎರಡು ಸಾಲಿನಲ್ಲಿ ಬರೆದಿದ್ದೇವೆ. ಗಾಬರಿಯಲ್ಲಿ ನಮ್ಮ ಮನೆಯ ದಾರಿಯೇ ಬಾಯಿಗೆ ಬರುವುದಿಲ್ಲ.

ಸೆಲ್ಲಿನ ವಿಷಯಕ್ಕೆ ಬರುತ್ತೇನೆ. ಹ್ಯಾಂಡ್‌ಸೆಟ್ಟಿನಲ್ಲಿ ಎರಡು ಸಣ್ಣ ರೀಚಾರ್ಜೆಬಲ್ ಸೆಲ್ ಇರುತ್ತವೆ. ಎರಡು ವರ್ಷಕ್ಕೆ ಅವು ಸೋತವು, ಹತ್ತು ನಿಮಿಷ ಮಾತಾಡಿದರೆ ಬೀಪ್ ಬೀಪ್. ಪೇಟೆಗೆ ಹೋದವರ ಹತ್ತಿರ ಸೆಲ್ ತರಲು ಹೇಳಿದೆ. ಟಿವಿ ರಿಮೋಟಿಗೆ ಹಾಕುವ ಸೆಲ್ ಬಂತು. ಅಳತೆ ಒಂದೇ, ಆಯಿ ಹಾಕಿ ಚಾರ್ಜಿಗೆ ಇಟ್ಟುಬಿಟ್ಟಿದ್ದಳು. ರಾತ್ರಿ ಮುಟ್ಟಿದರೆ ಹ್ಯಾಂಡ್‌ಸೆಟ್ ಬಿಸಿ. ಮುಚ್ಚಳ ತೆಗೆದರೆ ಒಂದು ಸೆಲ್ಲಿನ ಬಾಯಿಯಲ್ಲಿ ಬಿಳಿ ನೀರು. ಸಾಮಾನ್ಯ ಸೆಲ್ಲನ್ನು ಚಾರ್ಜ್ ಮಾಡಿದರೆ ಸೋರುತ್ತದೆ, ಒಡೆಯಲೂಬಹುದು. ನೋಡಿ ತರಬೇಕಾದ ಗುರುತು ಎರಡು: ಎನ್‌ಐ-ಎಂಎಚ್ ಎಂಬ ಅಕ್ಷರ ಮತ್ತು 1.2 ವೋಲ್ಟ್. 1.5 ಎಂದು ಇದ್ದರೆ ಸಾಮಾನ್ಯವಾಗಿ ಅದು ರಿಮೋಟಿನದ್ದೇ. ಎರಡೂ ಸೆಲ್ ಒಟ್ಟಿಗೇ ಬದಲಿಸಿ. ನಮ್ಮ ಕಡೆ ಕಸವೆಲ್ಲ ಬಚ್ಚಲ ಒಲೆಗೆ ಹೋಗುತ್ತದೆ. ಸೆಲ್ ಮಾತ್ರ ಒಲೆಗೆ ಬೀಳಬಾರದು, ಸಿಡಿಯುತ್ತದೆ. ಹಳೆಯವನ್ನು ಡಬ್ಬಿಯಲ್ಲಿ ಕೂಡಿಟ್ಟು ಪೇಟೆಯಲ್ಲಿ ಇ-ಕಸ ತೆಗೆದುಕೊಳ್ಳುವವರಿಗೆ ಕೊಡುತ್ತೇನೆ. ಮಳೆಗಾಲದ ಥಂಡಿಗೆ ಚಾರ್ಜಿಂಗ್ ತಗಡಿಗೆ ಕಿಲುಬು ಹತ್ತುತ್ತದೆ. ಅಡಾಪ್ಟರ್ ಎಳೆದು ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು.

ಆಯಿಗೆ ಕಲಿಸಲು ಒಂದು ವಾರ ಹಿಡಿಯಿತು. ರಾತ್ರಿ ಹ್ಯಾಂಡ್‌ಸೆಟ್ ತನ್ನ ಜಾಗದಲ್ಲೇ ಮಲಗಬೇಕು. ಕೊಟ್ಟಿಗೆಯ ಹುಲ್ಲಿನಲ್ಲಿ ಮರೆತರೆ ಬೇಸಿನ ಗುಂಡಿ ಒತ್ತಿ ಕೂಗಿಸಬಹುದು, ಆದರೆ ಸೆಲ್ ಖಾಲಿಯಾಗಿದ್ದರೆ ಅದು ಕೂಗುವುದಿಲ್ಲ. 2 ಒತ್ತಿ ಹಿಡಿದರೆ ತಂಗಿ, 3 ಒತ್ತಿದರೆ ನನ್ನ ಮೊಬೈಲ್. 2021ರ ಜನವರಿಯಲ್ಲಿ ಒಂದು ದಿನ, ‘ತಮಾ, ಎಷ್ಟು ಒತ್ತಿದರೂ ಯಾರೋ ಹುಡುಗಿ ಮಾತಾಡ್ತು’ ಎಂದಳು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಕಡ್ಡಾಯವಾದದ್ದು ಆ ತಿಂಗಳ 15ರಿಂದ. ಸೇವ್ ಮಾಡಿದ್ದ ನಂಬರಿಗೆಲ್ಲ ಸೊನ್ನೆ ಸೇರಿಸಿ ಮತ್ತೆ ಹಾಕಿದೆ. ವಯಸ್ಸಾದವರ ಮನೆಯಲ್ಲಿ ಇದನ್ನು ಒಮ್ಮೆ ನೋಡಿಬಿಡಿ. ತುರ್ತಿನಲ್ಲಿ ಕರೆ ಹೋಗುವುದಿಲ್ಲ ಎಂದು ಆಗ ಗೊತ್ತಾಗಬಾರದು.

ಆಯಿಗೆ ಶ್ರವಣ ಸಾಧನ ಬಂದ ಮೇಲೆ ಹ್ಯಾಂಡ್‌ಸೆಟ್ ಹತ್ತಿರ ತಂದರೆ ಝೀ ಎನ್ನುತ್ತಿತ್ತು. ಈಗ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಮಾತಾಡುತ್ತಾಳೆ. ಮಾವನಿಗೆ ಪೇಸ್‌ಮೇಕರ್ ಇದೆ. ಅವರು ಬಂದಾಗ ಹ್ಯಾಂಡ್‌ಸೆಟ್ಟನ್ನು ಅಂಗಿಯ ಜೇಬಿಗೆ ಹಾಕಲು ಬಿಡುವುದಿಲ್ಲ. ಎದೆಯಿಂದ 15 ಸೆಂಟಿಮೀಟರಾದರೂ ದೂರವಿರಬೇಕು.

ಬ್ಯಾಂಕ್ ಹೆಸರು ಹೇಳಿ ಒಟಿಪಿ ಕೇಳುವ ಕರೆ ಲ್ಯಾಂಡ್‌ಲೈನಿಗೂ ಬರುತ್ತದೆ. ಯಾರು ಯಾವ ನಂಬರ್ ಕೇಳಿದರೂ ಫೋನ್ ಇಟ್ಟುಬಿಡು ಎಂದು ಆಯಿಗೆ ಹೇಳಿದ್ದೇನೆ. ಗೋಡೆಯ ಕಾಗದದಲ್ಲಿ ಇಂಥ ಸೈಬರ್ ವಂಚನೆಯ ದೂರಿಗೆ 1930 ಕೂಡ ಸೇರಿಸಿದ್ದೇನೆ.

2022ರಲ್ಲಿ ನಮ್ಮ ಲೈನ್ ಫೈಬರಿಗೆ ಬದಲಾಯಿತು. ನಂಬರ್ ಅದೇ. ಈಗ ಫೋನ್ ತಂತಿ ಹೋಗುವುದು ಫೈಬರ್ ಮೋಡೆಮ್ಮಿಗೆ. ಅಂದರೆ ಕರೆಂಟಿಲ್ಲದಾಗ ಮೋಡೆಮ್ ಸತ್ತರೆ ತಂತಿಯ ಫೋನೂ ಸಾಯುತ್ತದೆ. ಮೊದಲ ಸಲ ಇದು ಗೊತ್ತಾದಾಗ ನಿಜಕ್ಕೂ ಹೆದರಿದೆ. ಮೋಡೆಮ್ಮಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದೆ. ಕಾರ್ಡ್‌ಲೆಸ್ ಬೇಸನ್ನು ಇನ್ವರ್ಟರ್ ಸಾಕೆಟ್ಟಿಗೆ ಕೊಟ್ಟೆ.

ಹಳೆಯ ತಾಮ್ರದ ಡ್ರಾಪ್ ವೈರ್ ಮಾತ್ರ ಕಂಬದಿಂದ ಮನೆಯವರೆಗೆ ಹಾಗೇ ನೇತಾಡುತ್ತಿತ್ತು, ರೋಸೆಟ್ಟಿಗೆ ಸೇರಿಕೊಂಡೇ ಇತ್ತು. ಬಳಕೆಯಲ್ಲಿಲ್ಲದ ತಂತಿಯಲ್ಲೂ ಸಿಡಿಲು ಒಳಗೆ ಬರುತ್ತದೆ. ಎರಡು ಸಲ ಹೇಳಿ ಅದನ್ನು ಕಂಬದಿಂದಲೇ ಬಿಚ್ಚಿಸಿದೆ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ಅದರ ಜೊತೆ ಬರುವ ಉಕ್ಕಿನ ಆಧಾರ ತಂತಿಯಲ್ಲಿ ಹರಿಯುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿದೆ. ಬಿಚ್ಚಿದ ಡ್ರಾಪ್ ವೈರ್ ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಕಟ್ಟಲು ಬಂತು.

ಕರೆಂಟಿನ ತಂತಿ ಮೊದಲಿನಂತೆಯೇ ಹೊರಗಿನಿಂದ ಬರುತ್ತಿದೆ. ಹಾಗಾಗಿ ದೂರದಲ್ಲಿ ಗುಡುಗಿದರೆ ಆಯಿ ಇವತ್ತಿಗೂ ಎಣಿಸುತ್ತಾಳೆ, ಎರಡೂ ಪಿನ್ ಎಳೆದು ಗೂಟಕ್ಕೆ ಹಾಕುತ್ತಾಳೆ. ಮೋಡೆಮ್ಮಿನ ಯುಪಿಎಸ್ ಪಿನ್ನಿಗೆ ಮೂರನೆಯ ಗೂಟ ಹೊಡೆದುಕೊಡು ಎಂದು ಮೊನ್ನೆ ಹೇಳಿದ್ದಾಳೆ.