ಹಳೇ ಎಟಿವಿ, ಮಸಾರಿ ಧೂಳು, ಒಂದು ಸಣ್ಣ ಸ್ಕ್ರೂ

"ಈ ಗಾಡಿಗೆ ಎಳೆತ ಇಲ್ಲ ಸರ್, ಅದಕ್ಕೇ ಈ ರೇಟಿಗೆ ಕೊಡ್ತಿದ್ದೀವಿ" ಅಂದರು ರೆಸಾರ್ಟಿನವರು. 200 ಸಿಸಿಯ ಎಟಿವಿ, ಕಲ್ಲು ಮಣ್ಣಿನ ಮೇಲೆ ಓಡಿಸುವ ಗಾಡಿ. ಬೈಕಿನ ಹ್ಯಾಂಡಲ್, ಬೈಕಿನ ಸೀಟು, ಕೆಳಗೆ ನಾಲ್ಕು ದಪ್ಪ ಟೈರು. 70 ಸಾವಿರಕ್ಕೆ ಮಾತು ಮುಗಿಸಿ, ಛೋಟಾ ಹಾತಿ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಕುಷ್ಟಗಿ ಹತ್ತಿರದ ನಮ್ಮ ದಾಳಿಂಬೆ ತೋಟಕ್ಕೆ ತಂದೆ. ಓಡಿಸಿಕೊಂಡು ಬರುವ ಹಾಗಿರಲಿಲ್ಲ. ಅದಕ್ಕೆ ನೋಂದಣಿ ಇಲ್ಲ, ರಸ್ತೆಗಿಳಿಸುವಂತಿಲ್ಲ. ನಮ್ಮ ಹೊಲ, ಪಕ್ಕದ ಒಣ ಹಳ್ಳ, ಅದರಾಚೆ ಗೆಳೆಯನ ಬೀಳು ಭೂಮಿ, ಅಷ್ಟರಲ್ಲೇ ನನ್ನ ಸವಾರಿ.

ಮೊದಲು ಊರಿನ ಮೆಕ್ಯಾನಿಕ್ ಅಣ್ಣನನ್ನು ಕರೆಸಿದೆ. ಅವನು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಫಿಲ್ಟರಿನ ಆಚೆ ಕಾರ್ಬ್ಯುರೇಟರ್ ಕಡೆಯ ಪೈಪಿನೊಳಗೆ ಬೆರಳಾಡಿಸಿದ. ಬೆರಳು ಸ್ವಚ್ಛವಾಗಿ ಬಂತು. "ಇಂಜಿನ್ ಛಲೋ ಐತಿ ತಮ್ಮಾ. ಇಲ್ಲಿ ಧೂಳು ಸಿಕ್ಕಿದ್ರ ವಾಪಸ್ ಕಳಸು ಅಂತಿದ್ದೆ." ಅಲ್ಲಿ ಧೂಳಿದ್ದರೆ ಅದು ಇಂಜಿನ್ನಿನೊಳಗೂ ಹೋಗಿದೆ ಅಂತಲೇ ಲೆಕ್ಕ. ಹಳೇ ಎಟಿವಿ ತಗೊಳ್ಳುವವರು ಬೇರೇನು ನೋಡದಿದ್ದರೂ ಇದೊಂದನ್ನು ನೋಡಿ. ಆಮೇಲೆ ಮುಂದಿನ ಚಕ್ರ ನೆಲ ಬಿಡುವಂತೆ ಜಾಕ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆವು. ಟಕ್ ಟಕ್ ಅಂತು. ಚಕ್ರದ ಕೀಲು, ಅಂದರೆ ಬಾಲ್ ಜಾಯಿಂಟ್ ಸವೆದಿತ್ತು, ಎರಡೂ ಬದಲಾಯಿಸಿದೆವು.

ಕಾರ್ಬ್ಯುರೇಟರಿನ ತಳದ ಬಟ್ಟಲು ಬಿಚ್ಚಿದರೆ ಅಂಟು ಅಂಟಾದ ಹಳೇ ಪೆಟ್ರೋಲ್. ಪೆಟ್ರೋಲ್ ಹಾಯುವ ಜೆಟ್ ತೂತು ಅರ್ಧ ಕಟ್ಟಿಕೊಂಡಿತ್ತು. ತೊಳೆದು ಹಾಕಿದ ಮೇಲೆ ಸ್ಟಾರ್ಟ್ ಸಲೀಸಾಯಿತು, ಆದರೆ ಎಳೆತ ಬರಲಿಲ್ಲ. ಇಂಜಿನ್ನಿನ ಶಕ್ತಿ ಚಕ್ರದ ಕಡೆ ದಾಟಿಸುವ ಬೆಲ್ಟ್ ಸವೆದಿರಬೇಕು ಅಂತ ಡಬ್ಬಿ ಬಿಚ್ಚಿ ನೋಡಿದೆವು, ಅದೂ ಸರಿಯಿತ್ತು. ಎರಡು ದಿನ ತಲೆ ಕೆರೆದುಕೊಂಡೆವು. ಕೊನೆಗೆ ಹೆಬ್ಬೆರಳಿನಲ್ಲಿ ಒತ್ತುವ ಎಕ್ಸಿಲರೇಟರಿನ ಡಬ್ಬಿಯಿಂದ ಒಂದು ಸಣ್ಣ ಸ್ಕ್ರೂ ಇಣುಕುತ್ತಿದ್ದದ್ದು ಕಣ್ಣಿಗೆ ಬಿತ್ತು. ಪ್ರವಾಸಿಗರು ಜೋರಾಗಿ ಓಡಿಸಬಾರದು ಅಂತ ಯಾರೋ ಯಾವತ್ತೋ ಅದನ್ನು ಪೂರ್ತಿ ಒಳಗೆ ತಿರುಗಿಸಿದ್ದರು. ಲಿವರ್ ಕಾಲು ಭಾಗವೂ ಒಳಗೆ ಹೋಗುತ್ತಿರಲಿಲ್ಲ! ನಟ್ ಸಡಿಲಿಸಿ ಸ್ಕ್ರೂ ಹೊರಗೆ ತಿರುಗಿಸಿದ್ದೇ ತಡ, ಗಾಡಿ ಹೊಸ ಹೋರಿಯ ಹಾಗೆ ಜಿಗಿಯಿತು. ಮಾರಿದವರಿಗೆ ಇದು ಗೊತ್ತಿದ್ದರೆ ರೇಟು ಎಷ್ಟಿರುತ್ತಿತ್ತೋ ಏನೋ.

ಬೀಗಿದ್ದು ಅಲ್ಲಿಗೇ ನಿಂತಿತು. ಮುಂದಿನ ತಪ್ಪು ನಂದೇ. ಇದರ ಏರ್ ಫಿಲ್ಟರ್ ಸ್ಪಂಜಿನದು. ತೊಳೆದು ಒಣಗಿಸಿದೆ, ಎಣ್ಣೆ ಮಾತ್ರ ಹಚ್ಚಲಿಲ್ಲ. ಎಣ್ಣೆಗೆ ಧೂಳು ಜಾಸ್ತಿ ಹತ್ತುತ್ತದೆ ಅಲ್ವಾ ಅಂತ ನನ್ನ ಲೆಕ್ಕ. ಆದರೆ ಹತ್ತಬೇಕಾದ್ದೇ ಅಲ್ಲಿ! ಒಣ ಸ್ಪಂಜಿನ ತೂತುಗಳಲ್ಲಿ ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನ ಸಣ್ಣ ಧೂಳು ಸಲೀಸಾಗಿ ನುಗ್ಗುತ್ತದೆ. ನಾಲ್ಕು ಭಾನುವಾರ ಓಡಿಸಿ ಪೈಪಿನೊಳಗೆ ಬೆರಳಿಟ್ಟರೆ ಕೆಂಪು! ಎದೆ ಧಸಕ್ ಅಂತು. ಪುಣ್ಯಕ್ಕೆ ಹೊಗೆ ಬರುವ ಮಟ್ಟಕ್ಕೆ ಹೋಗಿರಲಿಲ್ಲ. ಪೈಪು, ಡಬ್ಬಿ, ಕಾರ್ಬ್ಯುರೇಟರ್ ಎಲ್ಲ ಮತ್ತೆ ತೊಳೆದೆ. ಈಗ ಸ್ಪಂಜನ್ನು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನ ನೀರಲ್ಲಿ ಹಿಂಡದೆ ಒತ್ತಿ ಒತ್ತಿ ತೊಳೆಯುತ್ತೇನೆ. ನೆರಳಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಒತ್ತಿ ತೆಗೆಯುತ್ತೇನೆ. ಡಬ್ಬಿಗೆ ತಾಗುವ ಅಂಚಿಗೆ ತೆಳ್ಳಗೆ ಗ್ರೀಸ್. ಬೇಸಿಗೆಯಲ್ಲಿ ಪ್ರತಿ ಸವಾರಿ ಆದ ಮೇಲೂ ಇದೇ ಕೆಲಸ.

ಟೈರಿನದು ಇನ್ನೊಂದು ಕಥೆ. ಪಂಕ್ಚರ್ ಅಂಗಡಿಯಲ್ಲಿ ಬೈಕಿಗೆ ಹಾಕುವ ಹಾಗೆ 25 ಪಿಎಸ್‌ಐ ಗಾಳಿ ತುಂಬಿಸಿ ಕಳಿಸಿದರು. ಹಳ್ಳದ ಕಲ್ಲಿನ ಮೇಲೆ ಗಾಡಿ ಚೆಂಡಿನಂತೆ ಪುಟಿಯಿತು, ಮಣಿಕಟ್ಟು ಮೂರು ದಿನ ನೋವು. ನನ್ನ ಗಾಡಿಗೆ ಬೇಕಾದ್ದು ಬರೀ 4 ಪಿಎಸ್‌ಐ, ಸ್ಟಿಕ್ಕರಿನಲ್ಲೇ ಬರೆದಿದೆ. ಅಂಗಡಿಯ ಮೀಟರ್ ಶುರುವಾಗುವುದೇ 10ರಿಂದ. ಕಡಿಮೆ ಒತ್ತಡದ ಬೇರೆ ಮೀಟರ್ ತರಿಸಿಕೊಂಡೆ, ಸೈಕಲ್ ಪಂಪಿನಲ್ಲಿ ನಾನೇ ಹೊಡೆಯುತ್ತೇನೆ. ಎಡ ಬಲ ಒಂದು ಪಿಎಸ್‌ಐ ವ್ಯತ್ಯಾಸವಾದರೂ ಹ್ಯಾಂಡಲ್ ಒಂದು ಕಡೆ ಜಗ್ಗುತ್ತದೆ.

ಗಾಳಿ ಕಡಿಮೆಯಾದರೆ ಮುಳ್ಳು ಚುಚ್ಚುವುದಿಲ್ಲ ಅಂತೇನಿಲ್ಲ. ಬಳ್ಳಾರಿ ಜಾಲಿಗೆ ಹೆಸರು ಪಕ್ಕದ ಜಿಲ್ಲೆಯದು, ಮುಳ್ಳು ಮಾತ್ರ ನಮ್ಮ ಹೊಲದ ಬದುವಿನಲ್ಲೇ ಬೇಕಾದಷ್ಟು. ಟ್ಯೂಬ್‌ಲೆಸ್ ಟೈರಾದ್ದರಿಂದ ಪ್ಲಗ್ ಹಾಕುವ ಕಿಟ್ಟು, ಪಂಪು ಸೀಟಿನ ಹಿಂದೆ ಕಟ್ಟಿಕೊಂಡೇ ಹೊರಡುವುದು.

ಉಳಿದದ್ದು ಸಣ್ಣಪುಟ್ಟ ಕೆಲಸ. ಇಂಜಿನ್ ಆಯಿಲ್, ಬ್ರೇಕ್ ಆಯಿಲ್ ಬದಲಾಯಿಸಿದೆ. ಚೈನ್ ಬಿಗಿಯನ್ನು ಸೀಟಿನ ಮೇಲೆ ಒಬ್ಬರನ್ನು ಕೂರಿಸಿಯೇ ನೋಡಿದೆ, ಯಾಕೆಂದರೆ ಭಾರ ಬಿದ್ದಾಗ ಅದು ಬಿಗಿಯಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬ್ಯುರೇಟರ್ ಖಾಲಿ ಮಾಡುತ್ತೇನೆ. ಸವಾರ ಬಿದ್ದರೆ ಇಂಜಿನ್ ಆಫ್ ಮಾಡುವ ಕೆಂಪು ದಾರದ ಸ್ವಿಚ್ಚಿನ ವೈರುಗಳನ್ನು ಯಾರೋ ಸುಮ್ನೆ ಬೈಪಾಸ್ ಮಾಡಿಟ್ಟಿದ್ದರು. ಅದನ್ನು ಮೊದಲ ವಾರವೇ ಸರಿ ಮಾಡಿಸಿದೆ. ಹೆಲ್ಮೆಟ್ ಇಲ್ಲದೆ ಯಾರೂ ಹತ್ತುವಂತಿಲ್ಲ, ಹಿಂದೆ ಇನ್ನೊಬ್ಬರು ಕೂರುವಂತಿಲ್ಲ. ಇದಕ್ಕೆ ಮಾವ ಇವತ್ತಿಗೂ ಮುಖ ಊದಿಸಿಕೊಂಡಿದ್ದಾರೆ.

ಅಕ್ಕನ ಮಗ ಡಿಗ್ರಿ ಓದುತ್ತಿದ್ದಾನೆ, ರಜೆಗೆ ಬಂದರೆ ಗಾಡಿ ಬಿಡುವುದಿಲ್ಲ. "ಮಾಮಾ, ನೀ ಹೊಡದ್ರ ಇಷ್ಟ್ ಓಡ್ತೈತಿ, ನಾ ಹೊಡದ್ರ ಯಾಕ ಓಡಂಗಿಲ್ಲ?" ಅಂತ ಪ್ರತಿ ಸಲ ಕೇಳುತ್ತಾನೆ. ಅವನ ಕೈಗೆ ಕೀಲಿ ಕೊಡುವ ಮೊದಲು ನಾನು ಆ ಸ್ಕ್ರೂವನ್ನು ಅರ್ಧ ಒಳಗೆ ತಿರುಗಿಸಿರುತ್ತೇನೆ ಅಂತ ಅವನಿಗೆ ಇನ್ನೂ ಗೊತ್ತಿಲ್ಲ.