ಮೊದಲು ಚಕ್ರ ನಿಲ್ಲೋ ಜಾಗ, ಆಮೇಲೆ ವೈನು

ನಮ್ಮ ಓಮ್ನಿಗೆ ಹದಿನೈದು ವರ್ಷ ತುಂಬಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡು ಬಂದ ದಿನ ನಮ್ಮನೆಯವಳು ಕೇಳಿದಳು, "ಇಷ್ಟು ಖರ್ಚು ಮಾಡಿದ್ದೀರಲ್ಲ, ಇದರಲ್ಲೇ ಮಲಗ್ತೀರಾ?" ತಮಾಷೆಗೆ ಕೇಳಿದ್ದು. ನಾನು ಮಾತ್ರ ಸಂಜೆಯೇ ಪ್ಲೈವುಡ್ ಅಂಗಡಿಗೆ ಹೋದೆ. ಓಮ್ನಿಯಲ್ಲೇ ಮಲಗಿ, ವೈನ್ ತಯಾರಿಸುವ ವೈನರಿ ನೋಡಿಬರುವ ನಮ್ಮ ಟ್ರಿಪ್ಪು ಶುರುವಾದದ್ದು ಹೀಗೆ.

ಬೆಂಗಳೂರಲ್ಲಿ ಡ್ರೈವರ್ ಸಮೇತ ಕ್ಯಾರವಾನ್ ಬಾಡಿಗೆಗೆ ಸಿಗುತ್ತೆ. ಒಳಗೇ ಟಾಯ್ಲೆಟ್ಟು, ಏಸಿ, ಎಲ್ಲ ಉಂಟು. ಆದರೆ ದೊಡ್ಡಬಳ್ಳಾಪುರದಾಚೆಯ ತೋಟದ ದಾರಿಗಳಲ್ಲಿ ಎದುರಿಗೊಂದು ಟ್ರ್ಯಾಕ್ಟರ್ ಬಂದರೆ ಅಷ್ಟು ದೊಡ್ಡ ಗಾಡಿ ರಿವರ್ಸ್ ತೆಗೆಯೋದು ಯಾರು? ಓಮ್ನಿಯಾದರೆ ಹುಣಸೆ ಮರದ ಕೆಳಗೂ ನುಸುಳುತ್ತೆ.

ಹಾಸಿಗೆ ವಿಷಯ. ಹಿಂದಿನ ಸೀಟು ಮಡಚಿ, ಮೇಲೆ ಮೂರು ತುಂಡು 12 ಎಂಎಂ ಪ್ಲೈವುಡ್, ಕೆಳಗೆ ಮಡಚುವ ಕಾಲು. ಗಾಡಿಯ ಮೈಗೆ ಒಂದು ತೂತೂ ಕೊರೆದಿಲ್ಲ, ಒಂದು ಬೋಲ್ಟೂ ಹಾಕಿಲ್ಲ. ಇದು ಸೋಮಾರಿತನವಲ್ಲ. ಗಾಡಿಯ ಮೂಲ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಪ್ಲೈವುಡ್ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತೆ, ಸೋಮವಾರ ಅದೇ ಗಾಡಿಯಲ್ಲಿ ಅಕ್ಕಿ ಮೂಟೆ. ಮೂವತ್ತು ವರ್ಷ ಲೇತ್ ಮುಂದೆ ನಿಂತವನು ನಾನು, ಆದರೂ ಮೊದಲ ಸಲ ಅಳತೆ ತಪ್ಪಿ ಸ್ಲೈಡಿಂಗ್ ಬಾಗಿಲು ಮುಚ್ಚಲೇ ಇಲ್ಲ. ಬಾಗಿಲು ಹಾಕಿಕೊಂಡು ಅಳೆಯಿರಿ, ತೆಗೆದಿಟ್ಟಲ್ಲ. ಮಲಗೋದು ಇಬ್ಬರೇ. ಭಾವಮೈದುನ ಬಂದರೆ ಅವನಿಗೆ ಹೊರಗೆ ಟೆಂಟು.

ಇನ್ನು ಮುಖ್ಯವಾದದ್ದು: ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತೆ ಅನ್ನೋದು ತೀರ್ಮಾನವಾಗದೆ ವೈನರಿಗೆ ಫೋನ್ ಮಾಡಬೇಡಿ. ಕರೆಂಟು, ನೀರಿನ ಕನೆಕ್ಷನ್ ಕೊಟ್ಟು ಗಾಡಿ ನಿಲ್ಲಿಸಿಕೊಳ್ಳುವ ಜಾಗ ನಮ್ಮ ಕಡೆ ಹುಡುಕಿದರೂ ಅಪರೂಪ. ಇರೋದು ತೋಟದ ಮನೆಗಳು, ಹೋಮ್‌ಸ್ಟೇಗಳು, ಪರಿಚಯದ ರೈತರು. ಹಗಲಲ್ಲಿ ಹೋಗಿ, ಯಜಮಾನರನ್ನೇ ಕಂಡು, ಒಂದು ರಾತ್ರಿಗೆ ಇಷ್ಟು ಅಂತ ಮಾತಾಡಿಕೊಳ್ಳಿ. ಬೆಟ್ಟದ ಬುಡದ ಅರಣ್ಯದ ಜಾಗದಲ್ಲಿ "ಯಾರು ಕೇಳ್ತಾರೆ" ಅಂತ ನಿಲ್ಲಿಸಬೇಡಿ, ಕೇಳ್ತಾರೆ.

ತೋಟದಲ್ಲೂ ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಲೆಕ್ಕ ಇದೆ. ಮೊದಲ ಟ್ರಿಪ್ಪಲ್ಲಿ ಪಂಪ್‌ಹೌಸ್ ಪಕ್ಕ ನಿಲ್ಲಿಸಿದ್ದೆವು. ಮಟ್ಟವಾದ ಜಾಗ, ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಡುವಲ್ಲೇ! ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತೆ, ಎಷ್ಟೋ ಸಲ ನಡುರಾತ್ರಿ. ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿರ್ತಾರೆ. ಎರಡು ಗಂಟೆಗೆ ಅದು ಗುಂಯ್ ಅಂತ ಎದ್ದಿತು. ಹಿಪ್ಪುನೇರಳೆ ಸಾಲಿಗೆ ಹೋಗಬೇಕಿದ್ದ ನೀರು ಬದು ಒಡೆದು ನಮ್ಮ ಚಕ್ರದ ಬುಡಕ್ಕೆ ಬಂತು. ಟೆಂಟಲ್ಲಿದ್ದ ಭಾವಮೈದುನ ಚಾಪೆ ಸಮೇತ ಎದ್ದು ಬಂದ. ಬೆಳಿಗ್ಗೆ ಕೆಂಪು ಮಣ್ಣಲ್ಲಿ ಅರ್ಧ ಚಕ್ರ ಹೂತಿತ್ತು, ಟ್ರ್ಯಾಕ್ಟರ್ ಕರೆಸಬೇಕಾಯಿತು. ಈಗ ನಾನು ಕೇಳುವ ಮೊದಲ ಪ್ರಶ್ನೆ, "ಅಣ್ಣಾ, ಈ ವಾರ ಕರೆಂಟ್ ಯಾವ ಪಾಳಿ, ನೀರು ಯಾವ ಕಡೆ ಹರಿಯುತ್ತೆ?"

ನೀರು ಮನೆಯಿಂದಲೇ ಒಯ್ಯಿರಿ, 20 ಲೀಟರ್ ಕ್ಯಾನ್ ಇಬ್ಬರಿಗೆ ಸಾಕು. ಚಿಕ್ಕಬಳ್ಳಾಪುರ ಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರಲ್ಲಿ ಫ್ಲೋರೈಡ್ ಇದೆ. ಕೆರೆಗಳು ತುಂಬಿ ಚೆಂದ ಕಾಣುತ್ತವೆ, ಆದರೆ ಅವುಗಳಲ್ಲಿ ಕೆಲವಕ್ಕೆ ಬರೋದು ಬೆಂಗಳೂರಿನದೇ ಸಂಸ್ಕರಿಸಿದ ಕೊಳಚೆ ನೀರು. ಪಾತ್ರೆ ತೊಳೆಯೋಕೂ ಬೇಡ. ಒಲೆ ಗಾಡಿಯ ಹೊರಗೇ ಹಚ್ಚಿ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರೋದರಿಂದ ಗಾಡಿ ನಿಂತ ಮೇಲೂ ಬಹಳ ಹೊತ್ತು ಬಿಸಿ. ಕಿಟಕಿ ಎರಡು ಬೆರಳು ತೆಗೆದು ಸೊಳ್ಳೆ ಪರದೆ ಹಾಕಿ ಮಲಗಿ.

ವೈನರಿಗೆ ಫೆಬ್ರವರಿ, ಮಾರ್ಚಲ್ಲಿ ಹೋಗಿ. ಆಗ ಕೊಯ್ಲು, ದ್ರಾಕ್ಷಿ ಅರೆಯುವ ವಾಸನೆ ಅಂಗಳಕ್ಕೇ ಬರುತ್ತೆ. ನಾವು ಹೋಗೋದು ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ ದಾರಿ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ರಸ್ತೆಯಲ್ಲಿ ರಘುನಾಥಪುರದ ಹತ್ತಿರ ಗ್ರೋವರ್ ಜಂಪಾ ವೈನರಿ. ಮುಂಚೆಯೇ ಬುಕ್ ಮಾಡಿರಬೇಕು. ಸ್ಟೀಲ್ ಟ್ಯಾಂಕು, ಓಕ್ ಪೀಪಾಯಿ ತೋರಿಸಿ ಆಮೇಲೆ ರುಚಿ ನೋಡಿಸ್ತಾರೆ. ಸಾಲುಗಳ ನಡುವೆ ಹೋದರೆ ಹಣ್ಣು ಕಿತ್ತು ಬಾಯಿಗೆ ಹಾಕಬೇಡಿ, ಔಷಧಿ ಹೊಡೆದಿರ್ತಾರೆ. ನಾವು ಮಾರ್ಕೆಟ್ಟಲ್ಲಿ ಕೊಳ್ಳೋ ಬೆಂಗಳೂರು ಬ್ಲೂ ಅಲ್ಲ ಅದು. ನಮ್ಮ ಬ್ಲೂಗೆ 2013ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿದೆ ನಿಜ, ಆದರೆ ಅದು ಬೇರೆ ಜಾತಿ. ಜ್ಯೂಸಿಗೆ, ಸಿಹಿ ವೈನಿಗೆ ಸರಿ. ವೈನಿಗೆಂದೇ ಬೆಳೆಯುವ ಶಿರಾಜ್, ಕ್ಯಾಬರ್ನೆ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ.

ಸ್ಟೀರಿಂಗ್ ಹಿಡಿಯುವವನು ಅಲ್ಲಿ ಒಂದು ಗುಟುಕೂ ಕುಡಿಯಬಾರದು. 100 ಮಿಲಿ ರಕ್ತಕ್ಕೆ ಆಲ್ಕೋಹಾಲ್ 30 ಮಿಲಿಗ್ರಾಂ ಮೀರಿದರೆ ಕೇಸು. ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನನಗೆ ಶುಗರ್ ಬೇರೆ. ಹಾಗಾಗಿ ಮೂಸಿ ನೋಡೋದು ನಾನು, ಕುಡಿದು ಹೇಳೋದು ನಮ್ಮನೆಯವಳು. ಅವಳ ಮಾತಿಗೆ ಬೆಲೆ ಕೊಟ್ಟು ಒಂದು ಬಾಟಲಿ ಕೊಳ್ಳೋದು, ಬೆಳಕಿರುವಾಗಲೇ ತೋಟ ಸೇರೋದು. ಬಾಟಲಿ ಸೀಟಿನ ಹತ್ತಿರ ಇಡಬೇಡಿ, ಎಂಜಿನ್ ಬಿಸಿಗೆ ಕೆಡುತ್ತೆ. ಒದ್ದೆ ಗೋಣಿ ಸುತ್ತಿ ಡಿಕ್ಕಿಯಲ್ಲಿಡಿ.

ತೋಟದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಕೀಲಿ ಅವಳ ಸಾಸಿವೆ ಡಬ್ಬಿಗೆ ಹೋಗುತ್ತೆ. ಆಮೇಲೆ ನನಗೂ ಅರ್ಧ ಲೋಟ. ಚೀಸು ಗೀಸು ಹುಡುಕಬೇಡಿ. ಬಿಳಿ ವೈನ್ ಜೊತೆ ಕಾಂಗ್ರೆಸ್ ಕಡಲೆಕಾಯಿ, ಕೆಂಪು ವೈನಿಗೆ ಸುಟ್ಟ ಬದನೆಕಾಯಿ ಗೊಜ್ಜು. ಕೋಡುಬಳೆ ಮಾತ್ರ ಬೇಡ, ಆ ಖಾರಕ್ಕೆ ವೈನ್ ಬರೀ ಹುಳಿ ನೀರು.

ಚನ್ನಪಟ್ಟಣದ ಹತ್ತಿರದ ಸುಲಾ ವೈನರಿಯನ್ನೂ ಇದೇ ಟ್ರಿಪ್ಪಿಗೆ ಸೇರಿಸಬೇಡಿ. ಅದು ಮೈಸೂರು ರಸ್ತೆ, ನಡುವೆ ಇಡೀ ಬೆಂಗಳೂರು ದಾಟಬೇಕು. ಇನ್ನೊಂದು ಶನಿವಾರ ನೋಡಿಕೊಳ್ಳಿ.

ಬೆಳಿಗ್ಗೆ ಎದ್ದ ತಕ್ಷಣ ಹೊರಡಬೇಡಿ. ರಾತ್ರಿಯದು ಇಳಿಯೋಕೆ ಹೊತ್ತು ಬೇಕು, ಕಾಫಿ ಕುಡಿದರೆ ಬೇಗ ಇಳಿಯಲ್ಲ. ನಾವು ನಂದಿ ಗ್ರಾಮದ ಹತ್ತಿರ ತೋಟ ಹಿಡಿಯೋದು ಅದಕ್ಕೇ, ಭೋಗನಂದೀಶ್ವರ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ವಾರಾಂತ್ಯದಲ್ಲಿ ಬೆಟ್ಟದ ಮೇಲಕ್ಕೆ ಗಾಡಿಗಳ ಸಾಲು. ಕೆಳಗೆ ಕಲ್ಯಾಣಿ ಮೆಟ್ಟಿಲ ಮೇಲೆ ಕೂರೋಕೆ ಬೇಕಾದಷ್ಟು ಜಾಗ. ವಾಪಸ್ ಬಂದು ಉಪ್ಪಿಟ್ಟು ತಿಂದು, ಭಾವಮೈದುನ ಟೆಂಟನ್ನು ಅದರ ಚೀಲಕ್ಕೇ ತುರುಕುವಷ್ಟರಲ್ಲಿ ಹತ್ತೂವರೆ. ಈವರೆಗೆ ಒಂದು ಸಲವೂ ಅದು ಪೂರ್ತಿ ಹಿಡಿದಿಲ್ಲ.